ಡಿಎಸ್‌ಎಲ್‌ಆರ್ ಕೊಳ್ಳುವ ಮೊದಲು ಅಳತೆ ತಗೊಳ್ಳಿ

ಬ್ಲೌಸ್ ಅಳತೆ ಕೊಡಲು ಬಂದವರು ನನ್ನ ಮೇಜಿನ ಮೇಲಿರುವ ಕ್ಯಾಮೆರಾ ನೋಡಿ, "ಅಕ್ಕಾ, ನಾವೂ ಒಂದು ದೊಡ್ಡ ಕ್ಯಾಮೆರಾ ತಗೋಬೇಕು ಅಂತಿದ್ದೀವಿ, ಯಾವುದು ಒಳ್ಳೇದು?" ಅಂತ ಕೇಳುತ್ತಾರೆ. ಅವರು ಹೇಳುವುದು ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾ. ನಾನು ತಿರುಗಿ ಕೇಳುವುದು ಒಂದೇ: "ಈಗಿರೋ ಸಣ್ಣದರಲ್ಲಿ ಯಾವ ಫೋಟೋ ಕೆಟ್ಟಿತು, ಹೇಳಿ." ಇದಕ್ಕೆ ಉತ್ತರ ಸಿಗುವ ತನಕ ಅಂಗಡಿಗೆ ಹೋಗಬೇಡಿ. ತೋಳು, ಬೆನ್ನು, ಕೊರಳಿನ ಅಳತೆ ಇಲ್ಲದೆ ನಾನು ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಕ್ಯಾಮೆರಾಕ್ಕೂ ಅಂಥದೇ ಒಂದು ಅಳತೆ ಇದೆ. ಅದು ನಿಮ್ಮ ಹಳೆಯ ಮೆಮೊರಿ ಕಾರ್ಡಿನಲ್ಲಿ ಕೂತಿದೆ.

ಚಿತ್ರದುರ್ಗದ ಸಂತೇಪೇಟೆ ಹತ್ತಿರ ನನ್ನ ಅಂಗಡಿ. ಬ್ಲೌಸ್ ಹೊಲಿಯುತ್ತೇನೆ, ಆರಿ ವರ್ಕ್ ಮಾಡುತ್ತೇನೆ. ಹೊಸ ಡಿಸೈನ್ ಆದ ಕೂಡಲೇ ಫೋಟೋ ತೆಗೆದು ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಬೇಕು, ವ್ಯಾಪಾರ ನಡೆಯುವುದೇ ಅದರಿಂದ. ಆರೇಳು ವರ್ಷ ಇದಕ್ಕೆಲ್ಲ ಜೇಬಿಗೆ ಹಿಡಿಸುವ ಒಂದು ಕಾಂಪ್ಯಾಕ್ಟ್ ಕ್ಯಾಮೆರಾ ಸಾಕಾಗಿತ್ತು. ಒಂದು ಸಲ ಹಿರಿಯೂರಿನ ಗಿರಾಕಿಯೊಬ್ಬರು ಫೋಟೋದಲ್ಲಿ ಕೆಂಪು ನೋಡಿ ಒಪ್ಪಿದ ಬ್ಲೌಸು, ಕೈಗೆ ಬಂದಾಗ ಮರೂನ್ ಆಗಿತ್ತು. ಬಟ್ಟೆ ಮೊದಲಿನಿಂದಲೂ ಮರೂನೇ. ಕೆಂಪು ಮಾಡಿದ್ದು ನನ್ನ ಫೋಟೋ. ಮದುವೆಗೆ ನಾಲ್ಕೇ ದಿನ ಇತ್ತು. ಎರಡು ರಾತ್ರಿ ಕೂತು ಬೇರೆ ಬಟ್ಟೆಗೆ ಮತ್ತೆ ಜರಿ, ಮಣಿ ಎಲ್ಲ ಕೂರಿಸಿ ಕೊಟ್ಟೆ. ಡಿಎಸ್‌ಎಲ್‌ಆರ್ ಕೊಳ್ಳಲೇಬೇಕು ಅಂತ ತೀರ್ಮಾನಿಸಿದ್ದು ಆ ವಾರ.

ಅಳತೆ ತೆಗೆಯುವುದು ಹೀಗೆ. ಕೊನೆಯ ಇನ್ನೂರು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಮನಸ್ಸಿಗೆ ಬಾರದ ಪ್ರತಿ ಫೋಟೋ ಮೇಲೂ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ಒಳಗೆ ಡೀಟೇಲ್ಸ್ ತೆರೆಯಿರಿ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ಬಾಗಿಲು ತೆರೆದಿಟ್ಟ ಹೊತ್ತು, ಸೆಕೆಂಡಿನ ಲೆಕ್ಕದಲ್ಲಿ ಅಲ್ಲಿ ಬರೆದಿರುತ್ತದೆ. ಶಟರ್ 1/15 ಅಥವಾ 1/8 ಇದ್ದು ಚಿತ್ರ ಅಲುಗಿದ್ದರೆ ನಿಮ್ಮ ಕೊರತೆ ಬೆಳಕಿನದು. ಶಟರ್ 1/500 ಇದ್ದೂ ಹಕ್ಕಿ ಸಾಸಿವೆ ಕಾಳಿನಷ್ಟು ಕಂಡರೆ ಕೊರತೆ ದೂರದ್ದು. ಗುಂಡಿ ಒತ್ತಿದ ಮೇಲೆ ಮಗು ಆ ಕಡೆ ತಿರುಗಿಬಿಟ್ಟಿದ್ದರೆ ಕ್ಯಾಮೆರಾ ನಿಧಾನ. ಒಂದೊಂದು ಕೊರತೆಗೆ ಒಂದೊಂದು ಗುಂಪು ಮಾಡಿ ಎಣಿಸಿ. ನನ್ನ ಇನ್ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಬೆಳಕಿನ ಗುಂಪಿಗೇ ಬಂದವು: ರಂಗಮಂದಿರದಲ್ಲಿ ಮಗಳ ಭರತನಾಟ್ಯ, ಟ್ಯೂಬ್‌ಲೈಟ್ ಕೆಳಗಿನ ಬ್ಲೌಸುಗಳು, ಒನಕೆ ಓಬವ್ವನ ಕಿಂಡಿಯ ನೆರಳಿನಲ್ಲಿ ತೆಗೆದ ಮನೆಮಂದಿ. ದೂರದ ಗುಂಪಿನಲ್ಲಿ ಇದ್ದದ್ದು ಒಂಬತ್ತು ಮಾತ್ರ. ಈ ಒಂಬತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಳಕಿನ ಗುಂಪು ದೊಡ್ಡದಿದ್ದವರಿಗೆ ಡಿಎಸ್‌ಎಲ್‌ಆರ್‌ನಿಂದ ನಿಜವಾಗಿ ಲಾಭ ಇದೆ, ಅದು ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ತುಣುಕು, ಅದರ ಗಾತ್ರದಿಂದ. ಸಾಮಾನ್ಯ ಕಾಂಪ್ಯಾಕ್ಟ್‌ನ ಸೆನ್ಸರ್ ಸುಮಾರು 6.2 ಮಿ.ಮೀ. ಉದ್ದ, 4.6 ಮಿ.ಮೀ. ಅಗಲ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ನಿಕಾನ್‌ನ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿ ಅದು 23.5 ಮಿ.ಮೀ., 15.6 ಮಿ.ಮೀ. ಗುಣಿಸಿ ನೋಡಿದರೆ ಹದಿಮೂರು ಪಟ್ಟು. ಕ್ಯಾನನ್‌ದು ಕೂದಲೆಳೆ ಚಿಕ್ಕದು, ಫೋಟೋದಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಅಂಗಳಕ್ಕೆ ಬೀಳುವ ಮಳೆ ಒಂದೇ. ಲೋಟ ಇಟ್ಟವರಿಗೆ ಲೋಟದಷ್ಟು, ಕೊಪ್ಪರಿಗೆ ಇಟ್ಟವರಿಗೆ ಕೊಪ್ಪರಿಗೆಯಷ್ಟು. ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ಮಾಡಿಸಿದವರಿಗೆ ಇದು ಗೊತ್ತಿತ್ತು: ಮಳೆ ಕಡಿಮೆ ಇರುವ ಊರಲ್ಲಿ ಬಾಯಿ ಅಗಲ ಇಡಬೇಕು. ಮೆಗಾಪಿಕ್ಸೆಲ್ ಎಂಬುದು ಹಿಡಿದ ನೀರನ್ನು ಎಷ್ಟು ಬಿಂದಿಗೆಗೆ ಹಂಚಿದರು ಅನ್ನುವ ಲೆಕ್ಕ. ಮದುವೆ ಆಲ್ಬಮ್ಮಿನ 12×18 ಇಂಚಿನ ಹಾಳೆಯನ್ನು ಅತಿ ನುಣುಪಾಗಿ ಅಚ್ಚು ಹಾಕಲು 20 ಮೆಗಾಪಿಕ್ಸೆಲ್ ಸಾಕು. ಹತ್ತು ಹನ್ನೆರಡು ವರ್ಷದ ಹಿಂದಿನ ಡಿಎಸ್‌ಎಲ್‌ಆರ್‌ಗಳಲ್ಲೇ 24 ಇರುತ್ತಿತ್ತು. ಆ ಅಂಕಿ ನೋಡಿ ಕ್ಯಾಮೆರಾ ಆರಿಸಬೇಡಿ.

ಹಣ ಸುರಿಯಬೇಕಾದ್ದು ಲೆನ್ಸಿಗೆ. ಇದನ್ನು ನಾನು ತಡವಾಗಿ ತಿಳಿದೆ, ನೀವು ಮೊದಲೇ ತಿಳಿಯಿರಿ. ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಲೆನ್ಸ್ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಹಗಲಿಗೆ, ಮನೆಯವರ ಗುಂಪು ಫೋಟೋಗೆ, ಕೋಟೆ ಬಾಗಿಲುಗಳಿಗೆ ಒಳ್ಳೆಯದೇ. ಆದರೆ 55ಕ್ಕೆ ಜೂಮ್ ಮಾಡಿದಾಗ ಅದರ ಬಾಯಿ ಎಫ್/5.6ಕ್ಕಿಂತ ಅಗಲ ತೆರೆಯುವುದಿಲ್ಲ. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಬಾಯಿ ಅಗಲ. 50 ಮಿ.ಮೀ. ಎಫ್/1.8 ಅನ್ನುವ ಚಿಕ್ಕ ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬಿಟ್ಟುಕೊಳ್ಳುತ್ತದೆ. 1/15ರಲ್ಲಿ ಅಲುಗಿದ ನಾಟ್ಯದ ಫೋಟೋ 1/125ಕ್ಕೆ ಬಂದು ನಿಲ್ಲುವುದು ಇದರಿಂದ. ಅದಕ್ಕೆ ಜೂಮ್ ಇಲ್ಲ, ನಾವೇ ಹಿಂದೆ ಮುಂದೆ ನಡೆಯಬೇಕು. ನಮ್ಮಂಥವರ ಹತ್ತಡಿ ಕೋಣೆಗೆ 50 ಇಕ್ಕಟ್ಟು, ಅಲ್ಲಿ 35 ಮಿ.ಮೀ. ಎಫ್/1.8 ಹಿತ.

ಜೂಮ್ ವಿಚಾರದಲ್ಲಿ ಕಾಂಪ್ಯಾಕ್ಟ್ ಬಳಸಿ ಬಂದವರಿಗೆ ಒಂದು ನಿರಾಸೆ ಕಾದಿರುತ್ತದೆ. "ಅದರಲ್ಲಿ 10ಎಕ್ಸ್ ಇತ್ತು, ಇಷ್ಟು ದುಡ್ಡು ಕೊಟ್ಟ ಇದರಲ್ಲಿ ಎಲ್ಲಿ?" 18-55 ಅಂದರೆ ಮೂರು ಎಕ್ಸ್, ಅಷ್ಟೇ. ನಿಮ್ಮ ದೂರದ ಗುಂಪು ದೊಡ್ಡದಿದ್ದರೆ, ಅಂದರೆ ದಾವಣಗೆರೆಯ ಕುಂದವಾಡ ಕೆರೆಯ ಹಕ್ಕಿಗಳೋ ಜೋಗಿಮಟ್ಟಿಯ ನವಿಲುಗಳೋ ನಿಮ್ಮ ಆಸೆಯಾಗಿದ್ದರೆ, 70-300 ಲೆನ್ಸಿಗೆ ಮೊದಲೇ ಹಣ ಎತ್ತಿಡಿ. ಹಾಗಲ್ಲದವರು ಎರಡು ಲೆನ್ಸ್ ಕೂಡಿಸಿ ಮಾರುವ ಕಿಟ್ ಮುಟ್ಟಬೇಡಿ.

ನಾನು ಮುಟ್ಟಿದೆ. ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಮೂರು ಅಂಗಡಿ ಸುತ್ತಿದೆ. ಒಂದರಲ್ಲಿ, "ನೋಡ್ರಿ ಅಕ್ಕಾರೆ, ಇದ್ರಾಗ ಎರಡು ಲೆನ್ಸ್ ಐತಿ, ಬ್ಯಾಗೂ ಟ್ರೈಪಾಡೂ ಫ್ರೀ" ಅಂದರು. ಒಬ್ಬರು ಬಳಸಿದ್ದ ನಿಕಾನ್ ಡಿ5300, 18-55 ಮತ್ತು 55-200 ಲೆನ್ಸ್ ಸಮೇತ ತಂದೆ. ಒಂಬತ್ತು ಫೋಟೋಗಳ ಕೊರತೆಗೆ ಒಂದು ಇಡೀ ಲೆನ್ಸ್ ಕೊಂಡಹಾಗಾಯಿತು. ಮಗಳ ಮುಂದಿನ ಕಾರ್ಯಕ್ರಮದಲ್ಲಿ 55-200 ಹಾಕಿ ಕೂತೆ. ಹತ್ತಿರ ಬಂತು, ಬೆಳಕು ಬರಲಿಲ್ಲ. ಮನೆಗೆ ಬಂದು ನೋಡಿದರೆ ಅವಳ ಕೈಗಳೆಲ್ಲ ಹೊಗೆಯ ಹಾಗೆ. ಅವಳು ಏನೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

ಆಮೇಲೆ ಒಬ್ಬ ಸ್ಟುಡಿಯೋದವರ ಹತ್ತಿರ ಹಳೆಯ 50 ಮಿ.ಮೀ. ಎಫ್/1.8 ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದೆ. ಕ್ಯಾಮೆರಾಕ್ಕೆ ಕೂತಿತು, ಆದರೆ ಆಟೋಫೋಕಸ್ ಆಗಲೇ ಇಲ್ಲ. ಮಾರಿದವರು ಹೇಳಬೇಕಿತ್ತು, ಹೇಳಲಿಲ್ಲ. ವಿಷಯ ಇದು: ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸುಗಳೊಳಗೆ ಮೋಟಾರ್ ಇರುವುದಿಲ್ಲ. ಕ್ಯಾಮೆರಾದೊಳಗಿನ ಮೋಟಾರ್ ಅದನ್ನು ತಿರುಗಿಸಬೇಕು. ಡಿ3000 ಸಾಲಿನ, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಆ ಮೋಟಾರ್ ಇಲ್ಲ. ಡಿ90, ಡಿ7000 ಸಾಲಿನಲ್ಲಿ ಇದೆ. ಚಿಕ್ಕ ನಿಕಾನ್ ಕೊಳ್ಳುವವರು ಲೆನ್ಸ್ ಮೇಲೆ ಎಎಫ್-ಎಸ್ ಅಂತ ಬರೆದಿದೆಯಾ ನೋಡಿಯೇ ದುಡ್ಡು ಕೊಡಿ. ಎಎಫ್-ಪಿ ಅನ್ನುವ ಹೊಸ ಬಗೆಯೂ ಇದೆ, ಅದು ಡಿ3200, ಡಿ5100ರಂಥ ಹಳೆಯ ಬಾಡಿಗಳಿಗೆ, ಅಂದರೆ ಲೆನ್ಸ್ ಬಿಟ್ಟ ಬರೀ ಕ್ಯಾಮೆರಾಗಳಿಗೆ, ಆಗಿಬರುವುದಿಲ್ಲ. ಕ್ಯಾನನ್‌ನಲ್ಲಿ ಈ ತಲೆನೋವು ಇಲ್ಲ: 1987ರಿಂದ ಬಂದ ಇಎಫ್ ಲೆನ್ಸುಗಳಲ್ಲೆಲ್ಲ ಆಟೋಫೋಕಸ್ ಮೋಟಾರು ಲೆನ್ಸಿನೊಳಗೇ ಇರುತ್ತದೆ. ಹಳೆಯ ಲೆನ್ಸ್ ಹುಡುಕಿ ಕೊಳ್ಳುವ ಆಸೆ ಇದ್ದವರಿಗೆ ನಾನು ಕ್ಯಾನನ್ ಹೇಳುವುದು ಈ ಒಂದೇ ಕಾರಣಕ್ಕೆ.

ಕೊನೆಗೆ 55-200, ಆ ಹಳೆಯ 50 ಎರಡನ್ನೂ ಮಾರಿ ಎಎಫ್-ಎಸ್ 50 ತಗೊಂಡೆ. ನಾಟ್ಯದ ಫೋಟೋ ಸರಿಹೋಯಿತು.

ಇನ್ನು ಹತ್ತಿರದ ಫೋಟೋ. ಹೂವು, ಒಡವೆ, ಕಸೂತಿ ತೆಗೆಯುವವರು ಇದನ್ನು ಗಮನವಿಟ್ಟು ಓದಿ. ಕಾಂಪ್ಯಾಕ್ಟ್‌ನಲ್ಲಿ ಹೂವಿನ ಗುರುತಿನ ಗುಂಡಿ ಒತ್ತಿದರೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಬಹುದು. ಡಿಎಸ್‌ಎಲ್‌ಆರ್‌ನ ಜೊತೆಗೆ ಬರುವ ಲೆನ್ಸ್ ಸುಮಾರು 25 ಸೆಂಟಿಮೀಟರ್‌ಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ, ನನ್ನ 50 ಎಫ್/1.8ಕ್ಕೆ ಒಂದೂವರೆ ಅಡಿ ಬೇಕು. ಜರ್ದೋಸಿ ಸುರುಳಿ, ಕುಂದನ್ ಕಲ್ಲು ಬಿಡಿಬಿಡಿಯಾಗಿ ಕಾಣಬೇಕಾದರೆ ತೀರಾ ಹತ್ತಿರದ ಫೋಟೋಗೆಂದೇ ಮಾಡಿದ ಮ್ಯಾಕ್ರೋ ಲೆನ್ಸೇ ಬೇಕು. ನಿಕಾನ್‌ನಲ್ಲಿ 40 ಮಿ.ಮೀ. ಎಫ್/2.8 ಮೈಕ್ರೋ, ಕ್ಯಾನನ್‌ನಲ್ಲಿ 35 ಮಿ.ಮೀ. ಎಫ್/2.8 ಮ್ಯಾಕ್ರೋ ಇವೆ. ಕ್ಯಾನನ್‌ದರ ಮೂತಿಯಲ್ಲೇ ಸಣ್ಣ ಎಲ್‌ಇಡಿ ದೀಪ ಇದೆ. ನಾನು 40 ತಗೊಂಡು ಮೂರು ವರ್ಷ ಆಯಿತು, ಈಗ ನನ್ನ ಕ್ಯಾಮೆರಾದ ಮೇಲೆ ಹೆಚ್ಚು ಹೊತ್ತು ಇರುವುದು ಅದೇ. ಅದನ್ನು ಕೊಳ್ಳುವ ತನಕ ಕಸೂತಿಗೆ ಹಳೆಯ ಕಾಂಪ್ಯಾಕ್ಟನ್ನೇ ಬಳಸಿದೆ. ಹೊಸದು ಬಂತು ಅಂತ ಹಳೆಯದನ್ನು ಮಾರಿಬಿಡಬೇಡಿ.

ಬಣ್ಣಕ್ಕಾಗಿ ಹೆಚ್ಚು ಬೆಲೆಯ ಬಾಡಿ ಬೇಕಿಲ್ಲ. ಎಲ್ಲ ಡಿಎಸ್‌ಎಲ್‌ಆರ್‌ನಲ್ಲೂ ಬಿಳಿ ವಸ್ತುವೊಂದರ ಫೋಟೋ ತೆಗೆದು "ಇದು ಬಿಳಿ" ಅಂತ ಕ್ಯಾಮೆರಾಕ್ಕೆ ಕಲಿಸುವ ವ್ಯವಸ್ಥೆ ಇದೆ. ನಾನು ಬಿಳಿ ಲೈನಿಂಗ್ ಬಟ್ಟೆ ಬಳಸುತ್ತೇನೆ. ಚೋಕ್ ಇರುವ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಶಟರ್ 1/50ರಲ್ಲಿ ಇಟ್ಟರೆ ಒಂದು ಫೋಟೋದಿಂದ ಇನ್ನೊಂದಕ್ಕೆ ಬಣ್ಣ ಬದಲಾಗುವುದಿಲ್ಲ.

ಬಾಡಿ ಯಾವುದು ಅನ್ನುವುದು ಕೊನೆಯ ಮಾತು. ಕೈಯಲ್ಲಿ ಹಿಡಿಯದೆ ಕೊಳ್ಳಬೇಡಿ. ಡಿ3500 ತನ್ನ 18-55 ಜೊತೆ ಆರುನೂರು ಗ್ರಾಂ ಆಸುಪಾಸು, ಒಂದು ಚಾರ್ಜಿಗೆ 1550 ಫೋಟೋ ಅಂತ ಕಂಪನಿಯ ಲೆಕ್ಕ. ಡಿ7200ಕ್ಕೆ 18-140 ಹಾಕಿದರೆ ಒಂದೂಕಾಲು ಕೆಜಿ. ಕೋಟೆಯ ಏಕನಾಥೇಶ್ವರಿ ಗುಡಿಯ ತನಕ ಮಾರ್ಚ್ ಬಿಸಿಲಲ್ಲಿ ಏರುವವರು ಈ ಅರ್ಧ ಕೆಜಿಗೂ ಮೀರಿದ ವ್ಯತ್ಯಾಸವನ್ನು ಹೆಗಲಲ್ಲಿ ಅಳೆದುಕೊಳ್ಳಿ. ಆ ಬಿಸಿಲಿಗೆ ಬಂಡೆಗಳ ಮೇಲೆ ಸ್ಕ್ರೀನ್ ಕಾಣುವುದೇ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿಯೇ ಗತಿ. ಕನ್ನಡಕ ಇದ್ದವರು ಆ ಕಿಂಡಿಯ ಪಕ್ಕದ ಸಣ್ಣ ಚಕ್ರ ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿ ನೋಡಿ. ಕ್ಯಾನನ್ 3000ಡಿಯಲ್ಲಿ ಆ ಚಕ್ರವೇ ಇಲ್ಲ, ಲೆನ್ಸ್ ಕೂರುವ ಬಳೆಯೂ ಪ್ಲಾಸ್ಟಿಕ್. ಸ್ವಲ್ಪ ಹೆಚ್ಚು ಕೊಟ್ಟು 1500ಡಿ ತಗೊಳ್ಳುವುದು ಮೇಲು. ಕಾಂಪ್ಯಾಕ್ಟ್ ಅಭ್ಯಾಸದಿಂದ ಸ್ಕ್ರೀನ್ ನೋಡಿಯೇ ಫೋಟೋ ತೆಗೆಯುವವರಿಗೆ ಕ್ಯಾನನ್ 200ಡಿ ಸರಿ, ಸ್ಕ್ರೀನ್ ನೋಡುವಾಗ ಅದರ ಫೋಕಸ್ ಚುರುಕು. ಡಿ3500, ಡಿ5300ಗಳಲ್ಲಿ ಅದು ನಿಧಾನ.

ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ, ಈಗ ಅವರ ಗಮನವೆಲ್ಲ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ. ಹಾಗಂತ ಡಿಎಸ್‌ಎಲ್‌ಆರ್ ತೆಗೆಯುವ ಫೋಟೋ ಕೆಡಲಿಲ್ಲ. ಬೇರೆಯವರು ಮಿರರ್‌ಲೆಸ್‌ಗೆ ಹೋಗುವಾಗ ಬಿಟ್ಟುಕೊಡುವ ಒಳ್ಳೊಳ್ಳೆ ಬಾಡಿ, ಲೆನ್ಸುಗಳು ನಮ್ಮ ಕೈಗೆಟಕುವ ಬೆಲೆಗೆ ಬರುತ್ತಿವೆ. ವಿಡಿಯೋನೇ ಮುಖ್ಯ ಅನ್ನುವವರು ಮಾತ್ರ ಮಿರರ್‌ಲೆಸ್ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಶಟರ್ ಎಷ್ಟು ಸಲ ಬಡಿದಿದೆ ಕೇಳಿ. ನಿಕಾನ್‌ನಲ್ಲಿ ಈಗಷ್ಟೇ ತೆಗೆದ ಜೆಪಿಜಿ ಫೋಟೋದ ಒಳವಿವರದಲ್ಲೇ ಆ ಸಂಖ್ಯೆ ಇರುತ್ತದೆ. ಕ್ಯಾನನ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಬೇರೆ ಸಾಫ್ಟ್‌ವೇರ್ ಬೇಕು. ಚಿಕ್ಕ ನಿಕಾನ್‌ಗಳನ್ನು ಒಂದು ಲಕ್ಷ ಬಡಿತಕ್ಕೆ ಪರೀಕ್ಷಿಸಿರುತ್ತಾರೆ. ಮದುವೆ ಸ್ಟುಡಿಯೋದಲ್ಲಿ ದುಡಿದ ಬಾಡಿ ಆ ಲಕ್ಷವನ್ನು ಬೇಗ ದಾಟುತ್ತದೆ, ನಾನು ಅಂಥದ್ದು ಬೇಡ ಅನ್ನುತ್ತೇನೆ. ಎಫ್/16ರಲ್ಲಿ ಬರೀ ಆಕಾಶದ ಫೋಟೋ ತೆಗೆದು ದೊಡ್ಡದು ಮಾಡಿದರೆ ಸೆನ್ಸರ್ ಮೇಲಿನ ಧೂಳು ಕರಿ ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿ ಇದ್ದರೆ ಗಾಬರಿ ಬೇಡ, ತೆಗೆಸಬಹುದು. ಲೆನ್ಸಿನೊಳಗೆ ಟಾರ್ಚ್ ಬಿಟ್ಟಾಗ ಜೇಡನ ಬಲೆಯಂಥ ಬಿಳಿ ಎಳೆ ಕಂಡರೆ ಅದು ಬೂಷ್ಟು, ವಾಪಸ್ ಕೊಟ್ಟು ಎದ್ದುಬನ್ನಿ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಅದು ಕಡಿಮೆ, ಮಲೆನಾಡಿನಿಂದ ಬಂದ ಲೆನ್ಸ್ ಆದರೆ ಎರಡು ಸಲ ನೋಡಿ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಕ್ಯಾಮೆರಾ ಅಡಿಯಲ್ಲಿರುವುದಕ್ಕೆ ಹೊಂದಬೇಕು.

ಅಂಗಡಿಗೆ ಹೋಗುವಾಗ ನಿಮ್ಮದೇ ಎಸ್‌ಡಿ ಕಾರ್ಡ್ ಒಯ್ಯಿರಿ. ಜೊತೆಗೆ ಹಳೆಯ ಕ್ಯಾಮೆರಾ ಯಾವುದನ್ನು ಕೆಡಿಸುತ್ತಿತ್ತೋ ಅಂಥದೊಂದು ವಸ್ತು ಇರಲಿ. ನಾನು ಆ 40 ಲೆನ್ಸ್ ನೋಡಲು ಹೋದಾಗ ಹಿರಿಯೂರಿನ ಬ್ಲೌಸಿನ ಮರೂನ್ ತುಂಡು ಒಯ್ದಿದ್ದೆ. ಅಂಗಡಿಯ ದೀಪದ ಕೆಳಗೊಂದು, ಬಾಗಿಲಾಚೆ ಬಿಸಿಲಲ್ಲೊಂದು ಫೋಟೋ ತೆಗೆದು, ದುಡ್ಡು ಕೊಡದೆ ಚಿತ್ರದುರ್ಗಕ್ಕೆ ಬಂದು, ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಕಂಪ್ಯೂಟರಿನಲ್ಲಿ ನೋಡಿದೆ. ಎರಡರಲ್ಲೂ ಮರೂನ್ ಮರೂನಾಗಿಯೇ ಇತ್ತು. ಮಾರನೆಯ ಬೆಳಿಗ್ಗೆ ಫೋನ್ ಮಾಡಿ ಮುಂಗಡ ಕಳಿಸಿದೆ.