ಒಂದು ಹಿಡಿ ಕಲ್ಲುಪ್ಪು, ಒಂದು ಕನ್ನಡ ಕ್ಲಾಸು

ಬೆಂಗಳೂರಿಗೆ ಕೆಲಸಕ್ಕೆ ಬಂದ ಬೇರೆ ರಾಜ್ಯದವರಿಗೆ ಸಂಜೆ ಹೊತ್ತು ಕನ್ನಡ ಹೇಳಿಕೊಡುತ್ತೇನೆ. ತರಕಾರಿ ಚೌಕಾಸಿ, ಆಟೋ ಮಾತು ಎಲ್ಲ ಮುಗಿದ ಮೇಲೆ ವಾದ ಮಾಡಲು ಒಂದು ವಿಷಯ ಬೇಕು, ಅಲ್ವಾ? ನಾನು ಸತ್ಯಾಗ್ರಹ ಹಿಡಿದುಕೊಂಡೆ.

ಬೋರ್ಡ್ ಮೇಲೆ 'ಅಸಹಕಾರ', 'ಅಹಿಂಸೆ' ಅಂತ ಬರೆದರೆ ಸುಮ್ನೆ ಬರೆದುಕೊಳ್ಳುತ್ತಾರೆ, ಅಷ್ಟೇ. ಅದರ ಬದಲು ಮೇಜಿನ ಮೇಲೆ ಒಂದು ಹಿಡಿ ಕಲ್ಲುಪ್ಪು ಇಡುತ್ತೇನೆ. ಇದನ್ನು ಮಾಡಿದ್ದಕ್ಕೆ ಜೈಲು ಯಾಕೆ? ಉಪ್ಪು ಬ್ರಿಟಿಷ್ ಸರ್ಕಾರದ ಹಿಡಿತದಲ್ಲಿತ್ತು, ಮೇಲೆ ತೆರಿಗೆ ಬೇರೆ. ದಂಡಿ ಎಲ್ಲರಿಗೂ ಗೊತ್ತು. ಆದರೆ ಅದೇ 1930ರ ಏಪ್ರಿಲ್‌ನಲ್ಲಿ ನಮ್ಮ ಅಂಕೋಲಾದಲ್ಲೂ ಜನ ಉಪ್ಪು ಮಾಡಿ ಕಾನೂನು ಮುರಿದರು, ಗಾಂಧಿ ಜೊತೆ ದಂಡಿಗೆ ನಡೆದವರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದರು ಅಂದರೆ ಕಿವಿ ನೆಟ್ಟಗಾಗುತ್ತದೆ.

ಆಮೇಲೆ ನಾಟಕ. ಒಬ್ಬರು ಪೊಲೀಸ್, ಉಳಿದವರ ಮುಷ್ಟಿಯಲ್ಲಿ ಉಪ್ಪು. ಬೈಯುವಂತಿಲ್ಲ, ಓಡುವಂತಿಲ್ಲ, ಸುಳ್ಳು ಹೇಳುವಂತಿಲ್ಲ.

"ಕೊಡಿ."

"ಕೊಡಲ್ಲ ಸಾರ್."

"ಹೊಡೆದರೆ?"

"ಹೊಡೆದರೂ ಕೊಡಲ್ಲ."

'ಹೊಡೆದರೆ', 'ಹೊಡೆದರೂ' ವ್ಯತ್ಯಾಸ ಇಷ್ಟು ಬೇಗ ತಲೆಗೆ ಹತ್ತಿದ್ದನ್ನು ನಾನು ಯಾವ ಅಭ್ಯಾಸದ ಹಾಳೆಯಲ್ಲೂ ನೋಡಿಲ್ಲ. ನಾಟಕ ಅಂದರೆ ಮಕ್ಕಳಾಟ ಎಂದು ಮೂಗು ಮುರಿಯುವವರಿಗೆ ಅಮೆರಿಕದ ನ್ಯಾಶ್‌ವಿಲ್ ಕಥೆ ಹೇಳುತ್ತೇನೆ: ಬಿಳಿಯರಿಗೆ ಮಾತ್ರ ಊಟ ಬಡಿಸುತ್ತಿದ್ದ ಕೌಂಟರ್‌ಗಳಲ್ಲಿ 1960ರಲ್ಲಿ ಹೋಗಿ ಕೂತ ವಿದ್ಯಾರ್ಥಿಗಳು, ಅದಕ್ಕೆ ಮೊದಲು ಜೇಮ್ಸ್ ಲಾಸನ್ ಅವರ ತರಬೇತಿಯಲ್ಲಿ ತಮ್ಮವರಿಂದಲೇ ಬೈಸಿಕೊಂಡು, ತಳ್ಳಿಸಿಕೊಂಡು, ತಿರುಗಿ ಕೈ ಎತ್ತದೆ ಇರುವುದನ್ನು ರೂಢಿ ಮಾಡಿಕೊಂಡಿದ್ದರು.

ಚರ್ಚೆಯಲ್ಲಿ ತಪ್ಪದೆ ಬರುವ ಪ್ರಶ್ನೆ: "ಹಾಗಾದರೆ ಸಿಗ್ನಲ್ ಜಂಪ್ ಮಾಡುವುದೂ ಕಾನೂನುಭಂಗ ಚಳವಳಿನಾ?" ಇದಕ್ಕೆ ನಾನು ಉತ್ತರ ಕೊಡುವುದಿಲ್ಲ, ಅವರೇ ಜಗಳ ಆಡಲಿ. ಸಿಗ್ನಲ್ ಮುರಿದವನು ಪೊಲೀಸರ ಕಣ್ಣು ತಪ್ಪಿಸುತ್ತಾನೆ, ಗಾಂಧಿ ಹೊರಡುವ ಮೊದಲೇ ವೈಸ್‌ರಾಯ್ ಇರ್ವಿನ್‌ಗೆ ಪತ್ರ ಬರೆದು ತಿಳಿಸಿದ್ದರು ಎಂಬಲ್ಲಿಗೆ ಯಾರಾದರೊಬ್ಬರು ಬಂದೇ ಬರುತ್ತಾರೆ. ಬರದಿದ್ದರೆ ಆ ಪತ್ರದ ವಿಷಯ ನಾನೇ ಎತ್ತುತ್ತೇನೆ.

ಮನೆಗೆಲಸವೂ ಅದೇ. ನ್ಯಾಯವಲ್ಲ ಅನಿಸುವ ಒಂದು ನಿಯಮ ಆರಿಸಿಕೊಂಡು, ಅದನ್ನು ಎಲ್ಲಿ, ಯಾವಾಗ, ಯಾಕೆ ಮುರಿಯುತ್ತೀರಿ ಅಂತ ಅಧಿಕಾರಿಗೆ ಮರ್ಯಾದೆಯಿಂದ ಪತ್ರ ಬರೆಯಬೇಕು. ಕೆಳಗೆ ಸಹಿ ಕಡ್ಡಾಯ. ಒಬ್ಬರು ಎಲ್ಲ ಸರಿಯಾಗಿ ಬರೆದು, ಕೊನೆಗೆ "ಸಿಲ್ಕ್ ಬೋರ್ಡ್ ಕಡೆಯಿಂದ ಬರಬೇಕು, ಸ್ವಲ್ಪ ತಡವಾದರೆ ದಯವಿಟ್ಟು ಕಾಯಿರಿ" ಅಂತ ಸೇರಿಸಿದ್ದರು.