ಮೊದಲು ಚಿತ್ರ ಎಣಿಸಿ, ಆಮೇಲೆ ರೇಟು ಕೇಳಿ

ವಸಾಹತು ಕಾಲದ ಆಫ್ರಿಕಾ ಬಗ್ಗೆ ಬಂದ ಸಚಿತ್ರ ಪುಸ್ತಕಗಳನ್ನು ಕೂಡಿಡುವ ಹುಚ್ಚು ನನಗೆ ಹತ್ತಿದ್ದು ಲಂಡನ್ನಿನಲ್ಲಿ ಕೆಲಸದಲ್ಲಿದ್ದಾಗ. ಚೇರಿಂಗ್ ಕ್ರಾಸ್ ರೋಡಿಗೆ ಅಂಟಿಕೊಂಡಂತೆ ಸೆಸಿಲ್ ಕೋರ್ಟ್ ಅಂತ ಒಂದು ಓಣಿ ಇದೆ, ಸಾಲಾಗಿ ಹಳೇ ಪುಸ್ತಕ, ಹಳೇ ನಕ್ಷೆಗಳ ಅಂಗಡಿಗಳು. ಕೈಯಲ್ಲಿ ದುಡ್ಡು ಜಾಸ್ತಿ ಇರಲಿಲ್ಲ. ಹಾಗಾಗಿ ರಟ್ಟು ಕಿತ್ತುಬಂದಿದ್ದರೂ ಸರಿ, ಒಳಗಿನ ಚಿತ್ರ, ನಕ್ಷೆ ಪೂರ್ತಿ ಇರಬೇಕು ಅಂತ ನಿಯಮ ಹಾಕಿಕೊಂಡೆ. ಈಗಲೂ ಅದೇ.

ಪುಸ್ತಕ ಕೈಗೆ ಬಂದ ಕೂಡಲೇ ಚಿತ್ರಗಳ ಪಟ್ಟಿ ತೆಗೆದು ಒಂದೊಂದೇ ತಾಳೆ ನೋಡುತ್ತೇನೆ. ಚಿತ್ರದ ಹಾಳೆಗಳನ್ನು ಬ್ಲೇಡಿನಲ್ಲಿ ಕತ್ತರಿಸಿ, ಫ್ರೇಮು ಹಾಕಿಸಿ ಬಿಡಿಬಿಡಿಯಾಗಿ ಮಾರುವವರಿದ್ದಾರೆ. ಹೊಲಿಗೆಯ ಬಳಿ ಬೆರಳಾಡಿಸಿದರೆ ಕತ್ತರಿಸಿದ ಅಂಚು ಕೈಗೆ ಸಿಗುತ್ತೆ. ದೊಡ್ಡ ನಕ್ಷೆಗಳು ಮಡಿಕೆಯಲ್ಲೇ ಹರಿಯುವುದು, ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಹಾಳೆ ಮೇಲಿನ ಕಂದು ಚುಕ್ಕೆಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಅಂಗಡಿಯವರ ಹತ್ತಿರ ಚೌಕಾಸಿ ಮಾಡೋಕೆ ಮಾತ್ರ ಅದು ಒಳ್ಳೇದು.

ಆಫ್ರಿಕಾ ಸುತ್ತಿದ ಮಿಷನರಿ ಲಿವಿಂಗ್‌ಸ್ಟನ್ನನ 1857ರ 'ಮಿಷನರಿ ಟ್ರಾವೆಲ್ಸ್' ತಗೊಳ್ಳಿ. ಪ್ರಕಾಶಕ ಜಾನ್ ಮರ್ರೆ. ವರ್ಷವೂ ಅದೇ, ಹೆಸರೂ ಅದೇ, ಆದರೆ ಮೊದಮೊದಲು ಹೊರಬಂದ ಪ್ರತಿಗಳಲ್ಲಿ ಶೀರ್ಷಿಕೆ ಪುಟದ ಎದುರಿನ ವಿಕ್ಟೋರಿಯಾ ಜಲಪಾತದ ಚಿತ್ರ ಕಲ್ಲಚ್ಚಿನದು (ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ್ದು), ಆಮೇಲಿನವುಗಳಲ್ಲಿ ಮರದಚ್ಚಿನದು (ಮರದಲ್ಲಿ ಕೊರೆದು ಅಚ್ಚು ಹಾಕಿದ್ದು). ಕಲ್ಲಚ್ಚಿನದಕ್ಕೆ ಬೆಲೆ ಜಾಸ್ತಿ. ಅದೇ ಪುಸ್ತಕದಲ್ಲಿ ಸಿಂಹ ಅವನ ಮೇಲೆ ಎರಗುವ ಚಿತ್ರ ಇದೆಯಲ್ಲ, ಅದನ್ನು ಕಂಡರೆ ಲಿವಿಂಗ್‌ಸ್ಟನ್ನನಿಗೇ ಆಗುತ್ತಿರಲಿಲ್ಲ, ತೆಗೆದುಹಾಕಿ ಅಂತ ಮರ್ರೆಗೆ ಬೇಡಿಕೊಂಡಿದ್ದ. ಮರ್ರೆ ತೆಗೆಯಲಿಲ್ಲ. ಪುಸ್ತಕ ಮಾರಾಟ ಆಗಬೇಕಲ್ವಾ!

ನನಗಂತೂ ಇಂಥ ಚಿತ್ರಗಳ ಮೇಲೆ ಭೂತಗನ್ನಡಿ ಹಿಡಿದು ಕೂರುವುದೇ ದೊಡ್ಡ ಖುಷಿ. ಪ್ರವಾಸಿ ಅಲ್ಲಿ ಗೀಚಿಕೊಂಡು ಬಂದದ್ದನ್ನು ಲಂಡನ್ನಿನ ಕಲಾವಿದ ಮತ್ತೆ ಬರೆಯುತ್ತಿದ್ದ, ಇನ್ನೊಬ್ಬ ಬಾಕ್ಸ್‌ವುಡ್ ಅನ್ನೋ ಗಟ್ಟಿ ಮರದಲ್ಲಿ ಕೊರೆಯುತ್ತಿದ್ದ. ಆ ಮರದ ತುಂಡುಗಳು ಚಿಕ್ಕವು. ದೊಡ್ಡ ಚಿತ್ರಕ್ಕೆ ನಾಲ್ಕಾರು ತುಂಡು ಜೋಡಿಸಿ ಬೋಲ್ಟು ಬಿಗಿಯಬೇಕಿತ್ತು. ಜೋಡಣೆ ಸ್ವಲ್ಪ ಸಡಿಲಾದರೂ ಕಾಗದದ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ ಬೀಳುತ್ತೆ, ಆಕಾಶದಿಂದ ಶುರುವಾಗಿ ಮರ, ಗುಡಿಸಲು, ಮನುಷ್ಯರ ನಡುವೆ ನೇರ ಕೆಳಗೆ. ಒಮ್ಮೆ ಕಣ್ಣಿಗೆ ಬಿತ್ತು ಅಂದರೆ ಆಮೇಲೆ ಎಲ್ಲಾ ಕಡೆ ಅದನ್ನೇ ಹುಡುಕುತ್ತೀರಿ. ಹೀಗೆ ಕೈಯಿಂದ ಕೈಗೆ ಹೋಗುವಾಗ ಆಫ್ರಿಕಾದ ಜನ ಎಷ್ಟೋ ಸಲ ಒಂದೇ ಮುಖದವರಾಗಿಬಿಟ್ಟಿದ್ದಾರೆ. ಆಫ್ರಿಕಾ ಅನ್ವೇಷಕ ಸ್ಟಾನ್ಲಿಯ 1890ರ 'ಇನ್ ಡಾರ್ಕೆಸ್ಟ್ ಆಫ್ರಿಕಾ' ಓದುವಾಗ, ಹೊರೆ ಹೊತ್ತ ಜಂಜಿಬಾರ್ ದ್ವೀಪದವರನ್ನು ಅವನು ನಡೆಸಿಕೊಂಡ ರೀತಿಗೆ ಸಿಟ್ಟೇ ಬರುತ್ತೆ. ಆದರೂ ಅದನ್ನು ಇಟ್ಟುಕೊಂಡಿದ್ದೇನೆ, ಅವನ ಕಾಲ ಏನು ನೋಡಲು ಬಯಸಿತ್ತು ಅನ್ನೋದು ಆ ಚಿತ್ರಗಳಲ್ಲೇ ಇದೆ. ಅವನ ಪುಸ್ತಕಗಳು ಬೇಕಾದಷ್ಟು ಅಚ್ಚಾದವು, ಹುಡುಕಿದರೆ ಸಿಗುತ್ತವೆ. ಅವನೇ ಸಹಿ ಹಾಕಿದ 250 ಪ್ರತಿಗಳ ವಿಶೇಷ ಮುದ್ರಣದ ಕಡೆ ಮಾತ್ರ ನನ್ನಂಥವರು ತಿರುಗಿ ನೋಡುವ ಹಾಗಿಲ್ಲ.

ಬೆಂಗಳೂರಿಗೆ ವಾಪಸ್ಸಾದ ಮೇಲೆ ಮಳೆಗಾಲದ ತೇವ, ಬೆಳ್ಳಿಹುಳುಗಳ ಕಾಟ. ಪುಸ್ತಕ ಗೋಡೆಗೆ ತಾಗಿಸದೆ ನಿಲ್ಲಿಸುತ್ತೇನೆ, ಆಗಾಗ ತೆಗೆದು ಗಾಳಿಯಾಡಿಸುತ್ತೇನೆ, ಅಷ್ಟೇ.

ಈಗ ಹುಡುಕಾಟ ಕಾರ್ನ್‌ವಾಲಿಸ್ ಹ್ಯಾರಿಸ್‌ನದು. ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಪಡೆಯಲ್ಲಿ ಎಂಜಿನಿಯರ್. ಕಾಯಿಲೆ ಬಿದ್ದು ಸುಧಾರಿಸಿಕೊಳ್ಳಲು ಆಫ್ರಿಕಾದ ದಕ್ಷಿಣ ತುದಿಯ ಕೇಪ್ ವಸಾಹತಿಗೆ ಹೋದವನು 1836-37ರಲ್ಲಿ ದಕ್ಷಿಣ ಆಫ್ರಿಕಾದ ಒಳನಾಡೆಲ್ಲ ಬೇಟೆಯಾಡುತ್ತಾ ಸುತ್ತಿದ, ಪ್ರಾಣಿಗಳ ಚಿತ್ರವನ್ನೂ ತಾನೇ ಬರೆದ. ಸೇಬಲ್ ಜಿಂಕೆಗೆ ಹಿಂದೆ ಅವನ ಹೆಸರೇ ಇತ್ತು. ಅವನ ಪ್ರವಾಸದ ಪುಸ್ತಕ ಮೊದಲು ಅಚ್ಚಾಗಿದ್ದು ಲಂಡನ್ನಿನಲ್ಲಲ್ಲ, 1838ರಲ್ಲಿ ಬೊಂಬಾಯಿಯಲ್ಲಿ! ನನ್ನ ಬಳಿ ಇರುವುದು 1852ರ ಲಂಡನ್ ಮುದ್ರಣ. ಬೊಂಬಾಯಿಯದಕ್ಕಾಗಿ ಮುಂಬೈ, ಪುಣೆಯ ಹಳೇ ಪುಸ್ತಕದವರಿಗೆಲ್ಲ ಹೇಳಿಟ್ಟಿದ್ದೇನೆ. ರಟ್ಟು ಇಲ್ಲದಿದ್ದರೂ ಸರಿ.