ಮಾತು ಹಿಡಿಯೋಕೆ ಸ್ಟುಡಿಯೋ ಬೇಡ, ಮೂರು ಕೌದಿ ಸಾಕು: ನನ್ನ ಅನುಭವ

ಕಸೂತಿ ಹಾಕುವವರು, ಇಳಕಲ್ಲಿನ ನೇಕಾರರು, ಬಿದರಿ ಕೆಲಸದವರು, ಚನ್ನಪಟ್ಟಣದ ಕಡಸಲಿನವರು, ನಡುನಡುವೆ ಒಬ್ಬಿಬ್ಬರು ಚಿತ್ರಕಾರರು. ಇಂಥವರ ಜೊತೆ ಕಲೆ, ಅಭಿರುಚಿ, ಮನೆಯಲ್ಲಿ ಏನಿಟ್ಟುಕೊಳ್ಳಬೇಕು ಏನು ಬೇಡ ಅನ್ನುವ ಬಗ್ಗೆ ಉದ್ದನೆಯ ಮಾತುಕತೆ ನಡೆಸಿ, ಬರೀ ಧ್ವನಿಯಲ್ಲಿ ಹಿಡಿದು, ತಿಂಗಳಿಗೊಂದು ಕಂತಾಗಿ ಕೇಳುಗರಿಗೆ ಬಿಡುವ ಕೆಲಸ ಇದು. ಶುರುವಿನಲ್ಲಿ ಪುಕ್ಕಟೆ ಸಿಕ್ಕ ಬುದ್ಧಿಮಾತು ಮೂರು. ಸ್ಟುಡಿಯೋ ಇಲ್ಲದೆ ಆಗಲ್ಲ. ವಿಡಿಯೋ ಇಲ್ಲದೆ ಯಾರೂ ಕೇಳಲ್ಲ. ಧಾರವಾಡದ ಕಡೆಯ ಮಾತು ಮೈಸೂರು ಕಡೆಯವರಿಗೆ ತಿಳಿಯಲ್ಲ. ಮೂರೂ ಹುಸಿ ಹೋದವು. ಮೊದಮೊದಲು ಎಂಟು-ಹತ್ತು ನಿಮಿಷಕ್ಕೆ ಬಿಟ್ಟು ಹೋಗುತ್ತಿದ್ದವರಲ್ಲಿ ಈಗ ಸುಮಾರು ಅರ್ಧದಷ್ಟು ಮಂದಿ ಕೊನೇತನಕ ಕೂರುತ್ತಾರೆ. ಅಂದ ಹಾಗೆ, ಮನೆಯಿಂದ ಆಗಲ್ಲ ಅನ್ನುವವರಿಗೆ 1935 ನೆನಪಿಸಿದರೆ ಸಾಕು: ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಆಕಾಶವಾಣಿ ಅನ್ನುವ ರೇಡಿಯೋ ಕೇಂದ್ರ ಶುರು ಮಾಡಿದ್ದು ಸ್ವಂತ ಮನೆಯಲ್ಲಿ, 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು.

ರೆಕಾರ್ಡಿಂಗ್ ಗೊತ್ತಿದ್ದವರಿಗೇ ಇದನ್ನು ಬರೆಯುತ್ತಿರುವುದು. ಹಾಗಾಗಿ ಗೇನ್ ಅಂದರೇನು, ಕಾರ್ಡಿಯಾಯ್ಡ್ ಅಂದರೇನು ಅಂತ ಕೂರುವುದಿಲ್ಲ.

ಮೊದಲು ದುಡ್ಡಿನ ಲೆಕ್ಕ. ಸೆಕೆಂಡ್‌ಹ್ಯಾಂಡ್ ಝೂಮ್ ಎಚ್‌5 ರೆಕಾರ್ಡರ್ ಹದಿಮೂರು-ಹದಿನಾಲ್ಕು ಸಾವಿರ, ಎರಡು ಶೂರ್ ಎಸ್‌ಎಂ58 ಮೈಕು ಇನ್ನೂ ಹೆಚ್ಚುಕಡಿಮೆ ಅಷ್ಟೇ, ಕೇಬಲ್ಲು, ಗಿಡ್ಡ ಸ್ಟ್ಯಾಂಡು, ಫೋಮ್ ಟೋಪಿ ಸೇರಿ ಮೂರು ಸಾವಿರದ ಆಸುಪಾಸು. ಒಟ್ಟು ಮೂವತ್ತು ಸಾವಿರದ ಸುತ್ತ ಅಂದುಕೊಳ್ಳಿ. ಅದಕ್ಕೂ ಮುಂಚೆ ಕಾಲರ್ ಮೈಕಿಗೆ ಸುರಿದದ್ದು ಬೇರೆ, ಅದರ ಕತೆ ಮುಂದೆ ಬರುತ್ತದೆ. ಸ್ಟುಡಿಯೋ ಬಾಡಿಗೆ ಗಂಟೆಗೆ ಸಾವಿರದಿಂದ ಸಾವಿರದೈನೂರು. ಎರಡು ತಾಸಿನ ಮಾತಿಗೆ ಎರಡರಿಂದ ಮೂರು ಸಾವಿರ ಅಲ್ಲೇ ಹೋಯಿತು. ಅದೇ ದುಡ್ಡನ್ನು ಕೂತು ಮಾತಾಡುವವರಿಗೆ ಕೊಟ್ಟರೆ ಮಾತಿನ ಬಣ್ಣವೇ ಬೇರೆ. ನೇಕಾರರು ನಮಗಾಗಿ ಮಗ್ಗ ನಿಲ್ಲಿಸಿದರೆ ಆ ಹೊತ್ತಿನ ಕೂಲಿ ಖೋತಾ. ಎರಡು ಸಾವಿರದ ಹತ್ತಿರ ಕವರಿನಲ್ಲಿ ಹಾಕಿ, ಮಾತು ಮುಗಿದ ಮೇಲಲ್ಲ, ಕೂರುವ ಮುಂಚೆಯೇ ಕೊಡಿ. ಮುಗಿದ ಮೇಲೆ ಕೊಡುತ್ತಾರೆ ಅಂತ ಗೊತ್ತಿದ್ದರೆ ನಾವು ಕೇಳಲಿಕ್ಕೆ ಬಯಸುವುದನ್ನೇ ಹೇಳುತ್ತಾರೆ.

ಕಾಲರ್ ಮೈಕು ಈ ಕೆಲಸಕ್ಕೆ ಬಾರದು. ಕಸೂತಿ ಹಾಕುವವರ ಕೈ ಎದೆಮಟ್ಟದಲ್ಲಿ ಆಡುತ್ತಲೇ ಇರುತ್ತದೆ, ಸೆರಗು ಜಾರುತ್ತದೆ, ಸರಿಮಾಡುತ್ತಾರೆ, ಕರಿಮಣಿ ಬಡಿಯುತ್ತದೆ. ಗಂಜಿ ಹಾಕಿದ ಖಾದಿ ಅಂಗಿ ಇನ್ನೂ ಕೆಟ್ಟದ್ದು, ಪ್ರತಿ ಉಸಿರಿಗೂ ಕರಕರ. ಟೇಪು, ಹತ್ತಿ, ಪಿನ್ನು ಎಲ್ಲ ಆಯಿತು. ದಾರಿ ಒಂದೇ: ಡೈನಮಿಕ್ ಮೈಕು, ಗಿಡ್ಡ ಸ್ಟ್ಯಾಂಡು, ಬಾಯಿಂದ ಅರ್ಧ ಗೇಣು ದೂರ, ತುಟಿಗೆ ನೇರ ಹಿಡಿಯದೆ ಗದ್ದದ ಕಡೆ ತುಸು ಓರೆ. ನೇರ ಹಿಡಿದರೆ ಬಣ್ಣ, ಪಟ್ಟಿ, ಭಾರ ಅನ್ನುವಾಗಲೆಲ್ಲ ಗಾಳಿ ಬಂದು ಬಡಿಯುತ್ತದೆ. ನೆಲದ ಮೇಲೆ ಕೂರುವುದರಿಂದ ಸ್ಟ್ಯಾಂಡಿನ ಕೆಳಗೆ ಒಂದು ಮಣೆ, ಮಣೆಯ ಕೆಳಗೆ ನಾಲ್ಕು ಮಡಿಕೆ ಟವೆಲ್. ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಗುಂಡಿ ಮಗ್ಗದ ಮನೆಗಳಲ್ಲಿ ಪಕ್ಕದ ಮಗ್ಗ ನಡೆಯುತ್ತಿದ್ದರೆ ಅದುರು ನೆಲದಿಂದಲೇ ಹತ್ತಿ ಬರುತ್ತದೆ, ಟವೆಲ್ ಅದನ್ನು ಅಲ್ಲೇ ತಡೆಯುತ್ತದೆ. ಎರಡು ಮೈಕುಗಳ ನಡುವೆ ಒಂದೂವರೆ ಗೇಣಿಗಿಂತ ಕಡಿಮೆ ಬೇಡ, ಒಬ್ಬರ ಧ್ವನಿ ಇನ್ನೊಬ್ಬರ ಮೈಕಿಗೆ ನುಗ್ಗಿ ಪೊಳ್ಳಾಗುತ್ತದೆ.

ಇನ್ನು ಕೌದಿ. ಮೊಟ್ಟೆ ಟ್ರೇ ಗೋಡೆಗೆ ಅಂಟಿಸುವವರು ಈಗಲೂ ಇದ್ದಾರೆ. ಅದರಿಂದ ಆಗುವ ಉಪಯೋಗ ಏನೂ ಇಲ್ಲ. ಒಂದಿಂಚಿನ ಫೋಮ್ ಕೀರಲು ದನಿಯನ್ನಷ್ಟೇ ನುಂಗಿ ದಪ್ಪ ದನಿಯನ್ನು ಬಿಡುತ್ತದೆ, ಕೋಣೆ ಗುಂ ಅನ್ನುತ್ತದೆ. ಹಳೇ ಸೀರೆ ಪದರ ಪದರವಾಗಿ ಕೂಡಿಸಿ ಒತ್ತೊತ್ತಾಗಿ ಹೊಲಿದ ನಮ್ಮ ಕೌದಿ ತೂಕವಿರುವ ಬಟ್ಟೆ, ಅದಕ್ಕೇ ಕೆಲಸ ಮಾಡುತ್ತದೆ. ಆದರೆ ಎಲ್ಲರೂ ಅದನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಮೈಕಿನ ಬೆನ್ನು ಹೇಗೂ ಕಿವುಡು. ಕಟ್ಟಬೇಕಾದ್ದು ಮಾತಾಡುವವರ ಬೆನ್ನ ಹಿಂದೆ. ಅಲ್ಲಿನ ಗೋಡೆಯಿಂದ ಮರಳಿ ಬರುವ ದನಿಯೇ ಮೈಕಿನ ಬಾಯಿಗೆ ಬೀಳುವುದು. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಟ್ಟು ಹಗ್ಗಕ್ಕೆ ಹಾಕಿ, ಗಂಡಸರ ದನಿಯ ಗುಂಯ್ ತಗ್ಗುತ್ತದೆ. ಎರಡು ಬೆನ್ನ ಹಿಂದೆ, ಒಂದು ಕೆಳಗೆ ಹಾಸಿ. ಬೆನ್ನ ಹಿಂದಿನ ಎರಡನ್ನು ಯಾವ ಕೋನದಲ್ಲಿ ಕೂಡಿಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ, ಒಂದೆರಡು ಸಲ ಕಟ್ಟಿ ನೋಡಿದರೆ ನಿಮಗೇ ಸಿಗುತ್ತದೆ.

ಫ್ಯಾನ್ ಆರಿಸಲೇಬೇಕು. ಬಾಗಲಕೋಟೆ ಕಡೆ ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ಅನ್ನುವ ಧೈರ್ಯ ಯಾರಿಗೂ ಬೇಡ, ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಕರೆಂಟ್ ಹೋದರೆ ಬೇಸರ ಮಾಡಿಕೊಳ್ಳಬೇಡಿ: ರೆಕಾರ್ಡರ್ ಸೆಲ್ಲಿನ ಮೇಲೆ ನಡೆಯುತ್ತದೆ, ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ತಾನಾಗಿ ಮಾಯ. ಫ್ರಿಜ್ ಆರಿಸಿದರೆ ಬೈಕಿನ ಕೀಲಿಯನ್ನು ಅದರೊಳಗೇ ಇಡಿ, ಮತ್ತೆ ಹಚ್ಚದೆ ಮನೆಗೆ ಹೋಗಲಾರಿರಿ. ಕುಕ್ಕರ್ ಸೀಟಿ ಬಂದರೆ ಬರಲಿ. ನಿಲ್ಲಿಸಿ ಮತ್ತೆ ಹೇಳಿಸಿದರೆ ಮಾತು ಕಂಠಪಾಠವಾಗುತ್ತದೆ.

ಲೆವೆಲ್ ಇಡುವುದಕ್ಕೆ 'ಹಲೋ ಹಲೋ, ಒಂದು ಎರಡು ಮೂರು' ಹೇಳಿಸಬೇಡಿ. ಆ ದನಿ ಬೇರೆ, ಮಾತಿಗೆ ಬಿದ್ದ ಮೇಲಿನ ದನಿ ಬೇರೆ. 'ಡೂಪ್ಲಿಕೇಟ್ ಮಾಲನ್ನು ನಿಮ್ಮದೇ ಅಂತ ಮಾರೋರು ಇದ್ದಾರಂತಲ್ಲ' ಅಂತ ಕೇಳಿ. ಏರುವಷ್ಟು ದನಿ ಅಲ್ಲೇ ಏರುತ್ತದೆ. ಅದಕ್ಕೆ ಪೀಕ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಿಸಿ, 24 ಬಿಟ್, 48 ಕಿಲೋಹರ್ಟ್ಸ್. ಆಮೇಲೆ ಗುಂಡಿ ಮುಟ್ಟಬೇಡಿ.

ತಾಂತ್ರಿಕ ಭಾಗ ಇಷ್ಟೇ. ಇಷ್ಟನ್ನು ಸರಿಮಾಡಿಕೊಂಡೂ ಮಾತು ನೀರಸವಾಗಿರುವ ಎಷ್ಟೋ ರೆಕಾರ್ಡಿಂಗ್ ಕೇಳಿದ್ದೇನೆ. ಅದಕ್ಕೆ ಕಾರಣ ಪ್ರಶ್ನೆಪಟ್ಟಿ. ಕಲೆ, ಪರಂಪರೆ, ಸಂಸ್ಕೃತಿ, ಸ್ಫೂರ್ತಿ ಈ ನಾಲ್ಕು ಪದಗಳನ್ನು ಮೊದಲ ಮುಕ್ಕಾಲು ಗಂಟೆ ಬಾಯಿಗೆ ತರಬಾರದು. ತಂದರೆ ಸನ್ಮಾನ ಸಮಾರಂಭದ ಭಾಷಣ ಶುರುವಾಗುತ್ತದೆ: ಸರ್ಕಾರ, ಪ್ರೋತ್ಸಾಹ, ಮುಂದಿನ ಪೀಳಿಗೆ. ಬದಲಿಗೆ ವಸ್ತು ಇಡಿ. ಕೌದಿಯ ಮೇಲೆ ಮೂರು: ಒಂದು ಅವರದೇ ಒಳ್ಳೇ ಕೆಲಸ, ಒಂದು ಅವರದೇ ಕೆಟ್ಟುಹೋದದ್ದು, ಒಂದು ಪೇಟೆಯಿಂದ ನಾವು ಕೊಂಡು ತಂದ ಮಿಷನ್ ಮಾಲು. ಕೆಟ್ಟದ್ದನ್ನು ಫೋನಿನಲ್ಲೇ ಹೇಳಿ ಎತ್ತಿಡಿಸಬೇಕು, ಇಲ್ಲದಿದ್ದರೆ ಆ ಹೊತ್ತಿಗೆ ಸಿಗುವುದಿಲ್ಲ. ಮಿಷನ್ ಮಾಲಿಗೆ ಮುನ್ನೂರು-ನಾನೂರು ಖರ್ಚು. ಅದನ್ನು ಏನೂ ಹೇಳದೆ ಕೈಗೆ ಕೊಡಿ.

ಧಾರವಾಡದ ಕಸೂತಿಯ ಹಿರಿಯರೊಬ್ಬರ ಕೈಗೆ ಹಾಗೆ ಕೊಟ್ಟ ಕಸೂತಿ ವಿನ್ಯಾಸದ ಬಟ್ಟೆಯನ್ನು ಅವರು ಮೊದಲು ನೋಡಿದ್ದು ಮುಂದಿನಿಂದ ಅಲ್ಲ. ಹಾಗೇ ಮಗುಚಿ, ಹಿಂಬದಿಯ ಮೇಲೆ ಹೆಬ್ಬೆರಳು ಎಳೆದರು.

'ಇಲ್ಲೆ ನೋಡ್ರಿ, ಗಂಟು.'

'ಮುಂದ ಛಂದ ಐತಲ್ರಿ ಅಮ್ಮಾರ?'

'ಮುಂದ ಐತ್ರಿ. ಗವಂತಿ ಅಂದ್ರ ಹೋದ ದಾರೀಲೇ ತಿರುಗಿ ಬರಬೇಕು, ಎರಡೂ ಕಡೆ ಒಂದ ಕಾಣಬೇಕು. ಇದು ಹೋಗೇತಿ, ಬಂದಿಲ್ಲ.'

ಅಲ್ಲಿಂದ ಅರ್ಧ ಗಂಟೆ ನಾನು ಬಾಯಿ ಬಿಡಬೇಕಾಗಲಿಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ನಾಲ್ಕೂ ಹೊಲಿಗೆ, ಅಚ್ಚು ಹೊಡೆಯದೆ ಬಟ್ಟೆಯ ಎಳೆ ಎಣಿಸಿಯೇ ತೇರು, ಗೋಪುರ, ತುಳಸಿಕಟ್ಟೆ ಏಳಿಸುವುದು, ಕಪ್ಪು ಚಂದ್ರಕಾಳಿ ಸೀರೆಯಲ್ಲಿ ಎಳೆ ಕಾಣದೆ ಕಣ್ಣು ಸೋಲುವುದು, ಗಂಟು ಹಾಕದೆ ದಾರ ಮುಗಿಸುವುದು. ಕೊನೆಗೆ, ಯಾರ ಸೀರೆಗೆ ಯಾವ ಬಣ್ಣ ಬೇಡ ಅನ್ನುವಲ್ಲಿಗೆ ಮಾತು ಬಂತು. ಅಭಿರುಚಿ ಹೊರಗೆ ಬರುವುದು 'ಬೇಡ'ದಲ್ಲಿ. 'ನಿಮಗೆ ಯಾವುದು ಇಷ್ಟ' ಅಂದರೆ ಎಲ್ಲವೂ ಇಷ್ಟ. 'ಇದ್ಯಾಕ್ ಬೇಡ' ಅಂದರೆ ಕಾರಣ ಬರುತ್ತದೆ.

ಕಸುಬಿಗೆ ತಕ್ಕಂತೆ ವಸ್ತು ಬದಲಾಗಬೇಕು. ಇಳಕಲ್ಲಿನಲ್ಲಿ ಪೂರ್ತಿ ಸೀರೆ ಇಟ್ಟರೆ ಮಾತು ರೇಟಿಗೆ ಹೋಗುತ್ತದೆ. ಮೈಯ ಹಾಸಿಗೂ (ಮಗ್ಗದ ಉದ್ದನೆಯ ಎಳೆಗಳು) ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿದ ಜಾಗವನ್ನಷ್ಟೇ ಮೇಲೆ ಮಾಡಿ ಮಡಿಸಿಡಿ. ಟೋಪ್ ತೆನಿ ಅನ್ನುವ ವಿನ್ಯಾಸದ ಕೆಂಪು ಸೆರಗಿನ ಬಗ್ಗೆ, ಅಂಚಿಗೆ ಗೋಮಿ ದಡಿಯೋ ಪರಾಸಪೇಟ ದಡಿಯೋ ಅನ್ನುವ ಜಗಳದ ಬಗ್ಗೆ ಮನೆಯ ಹೆಂಗಸರೂ ಬಂದು ಸೇರಿಕೊಳ್ಳುತ್ತಾರೆ. ಬೀದರಿನಲ್ಲಿ ಕಪ್ಪು ಮಾಡುವ ಮುಂಚಿನ ತುಂಡು ಕೇಳಿ. ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ದ ಮೈಯೂ ಬಿಳುಪು, ಕೂರಿಸಿದ ಬೆಳ್ಳಿಯೂ ಬಿಳುಪು, ಕೆತ್ತಿದವರಿಗೆ ಬಿಟ್ಟು ಬೇರೆಯವರಿಗೆ ವಿನ್ಯಾಸ ಕಾಣದು. ಬೀದರ್ ಕೋಟೆಯ ಮಣ್ಣು, ನವಸಾಗರ (ಒಂದು ಬಗೆಯ ಲವಣ) ಹಾಕಿ ಕಪ್ಪು ಬಂದ ಮೇಲಿನ ತುಂಡನ್ನು ಪಕ್ಕದಲ್ಲಿಟ್ಟರೆ ಪ್ರಶ್ನೆಯೇ ಬೇಕಿಲ್ಲ. ಚನ್ನಪಟ್ಟಣದಲ್ಲಿ ಬಣ್ಣ ಹಾಕದ ಹಾಲೆ ಮರದ ಗೊಂಬೆ ಮತ್ತು ಅರಗು ಹೊತ್ತಿ ಕಲೆಯಾದ ಗೊಂಬೆ. ಪೇಟೆಯ ಚಿತ್ರಕಾರರಿಗೆ ಇದಾವುದೂ ನಡೆಯುವುದಿಲ್ಲ, ಅವರು ವಸ್ತುವನ್ನೂ ಸಿದ್ಧಾಂತ ಮಾಡಿಬಿಡುತ್ತಾರೆ. ಅವರ ಬಳಿ ಬ್ರಷ್ಷಿನ ಬೆಲೆಯಿಂದ ಶುರು ಮಾಡಿ, ಮಾರದೆ ಮನೆಯಲ್ಲೇ ಉಳಿಸಿಕೊಂಡ ಚಿತ್ರ ಯಾವುದು, ಯಾಕೆ ಅಂತ ಕೇಳಿ.

ಎರಡನೇ ಸುತ್ತಿನಲ್ಲಿ ಮಾತು ಮನೆಯೊಳಗೆ ಹೋಗಬೇಕು. ದಿನಾ ನೀರು ಕುಡಿಯುವ ಲೋಟ ಯಾವುದು, ಅಟ್ಟಕ್ಕೆ ಹಾಕಿದ್ದು ಯಾವುದು, ಮಗಳ ಮದುವೆಗೆ ಕೊಡದೆ ಇಟ್ಟುಕೊಂಡದ್ದು ಯಾವುದು. ಅರ್ಥಪೂರ್ಣ ಬದುಕಿನ ಕುರಿತು ದೊಡ್ಡ ಪ್ರಶ್ನೆ ಕೇಳಿ ಸಿಗದ ಉತ್ತರ ಇಲ್ಲಿ ತಾನಾಗಿ ಬೀಳುತ್ತದೆ. ಕೊನೆಯ ಪ್ರಶ್ನೆ ಒಂದು ಎಲ್ಲರಿಗೂ ಒಂದೇ ಕೇಳುತ್ತೇನೆ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ಎಲ್ಲರೂ ಕೇಳುತ್ತೀರಿ, ಆದ್ದರಿಂದ ಬಿಟ್ಟಿದ್ದೇನೆ.

ಹೂಂಗುಟ್ಟುವುದು ದೊಡ್ಡ ತಲೆನೋವು. ನಾವು ನಡುನಡುವೆ ಹೂಂ, ಹೌದೌದು, ಅಯ್ಯೋ ಅಂದರೆ ಎಡಿಟ್ ಮಾಡಲಾಗದು. ಇಂಗ್ಲಿಷ್ ಕೈಪಿಡಿಗಳು ತಲೆಯಾಡಿಸಿ ಸಾಕು ಅನ್ನುತ್ತವೆ. ನಮ್ಮಲ್ಲಿ ಆಗದು: ಕತೆ ಹೇಳುವವರು ಎದುರಿಂದ ಹೂಂ ಬರದಿದ್ದರೆ 'ಕೇಳ್ತಿದ್ದೀಯೋ ಇಲ್ವೋ' ಅಂತ ನಿಲ್ಲಿಸುತ್ತಾರೆ. ಇದಕ್ಕೆ ಉಪಾಯ, ಹೂಂಗುಟ್ಟಲು ಬೇರೊಬ್ಬರನ್ನು ಕೂರಿಸುವುದು. ಮೊಮ್ಮಗಳೋ ಅಳಿಯನೋ ಯಾರೋ, ಮಾತಾಡುವವರ ಮೈಕಿನ ಬೆನ್ನಿನ ಕಡೆ, ಐದಾರು ಅಡಿ ದೂರ. ಅವರ ಹೂಂ ಕಿವಿಗೆ ಬೀಳುತ್ತದೆ, ಫೈಲಿಗೆ ಬೀಳುವುದಿಲ್ಲ. ಈ ಒಂದು ಬದಲಾವಣೆಯಿಂದ ಉತ್ತರಗಳು ಎರಡು ಪಟ್ಟು ಉದ್ದವಾದವು ಅಂದರೆ ನಂಬಿ. ಉತ್ತರ ಮುಗಿಯಿತು ಅನಿಸಿದಾಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆರು-ಏಳಕ್ಕೆ ಎರಡನೇ ಉತ್ತರ ಬರುತ್ತದೆ, ಇಟ್ಟುಕೊಳ್ಳಬೇಕಾದ್ದು ಅದನ್ನೇ.

ವಿಡಿಯೋ ಪ್ರಯೋಗವೂ ಆಗಿದೆ. ಕ್ಯಾಮೆರಾ ಕಂಡೊಡನೆ ಒಳ್ಳೇ ಸೀರೆ ಉಟ್ಟು ಕುರ್ಚಿ ತರಿಸುತ್ತಾರೆ, ಕೈ ಮಡಿಲಲ್ಲಿ ಸುಮ್ಮನೆ ಬೀಳುತ್ತದೆ. ಇಪ್ಪತ್ತು-ಮೂವತ್ತು ರೂಪಾಯಿಯ ಪೀಜೋ ಬಿಲ್ಲೆಯನ್ನು (ಅದುರನ್ನು ಹಿಡಿಯುವ ಪುಟ್ಟ ಮೈಕು) ಮಗ್ಗದ ಮರಕ್ಕೆ ಅಂಟಿಸಿದ್ದು ಮಾತ್ರ ಮಜಾ ಕೊಟ್ಟಿತು: ಲಾಳಿಯ ಓಟ ಮರದೊಳಗಿಂದ ಕೇಳುತ್ತದೆ, ಹೊರಗಿನ ಗಲಾಟೆ ಸುಳಿಯದು. ಆದರೆ ಮಗ್ಗದ ಸದ್ದನ್ನು ಮಾತಿನ ಕೆಳಗೆ ಹಾಸಬೇಡಿ, ಹಬ್ಬದ ಜಾಹೀರಾತಿನ ಹಾಗಾಗುತ್ತದೆ. ಎರಡು ನಿಮಿಷ ಬೇರೆಯಾಗಿ ಹಿಡಿದು ಮಾತಿನ ನಡುವೆ ತುಂಡಾಗಿ ಬಿಡಿ. ಇಬ್ಬರು ಬೇರೆ ಬೇರೆ ಕಸುಬಿನವರನ್ನು ಕೂರಿಸಿ, ಒಬ್ಬರ ವಸ್ತು ಇನ್ನೊಬ್ಬರ ಕೈಗೆ ಕೊಡುವುದನ್ನೂ ನೋಡಿದ್ದಾಯಿತು. ಮೊದಲ ಕಾಲು ಗಂಟೆ ಬರೀ ಮರ್ಯಾದೆಯ ಮಾತು, ಆಮೇಲೆ ಕೂಲಿಯ ವಿಷಯ ಬಂದಾಗ ಹೊತ್ತಿಕೊಳ್ಳುತ್ತದೆ. ಇದಕ್ಕೆ ಇನ್ನೂ ಹದ ಸಿಕ್ಕಿಲ್ಲ.

ಎಡಿಟಿಂಗ್‌ಗೆ ರೀಪರ್ ಸಾಫ್ಟ್‌ವೇರ್ ಸಾಕು, ಆಡಾಸಿಟಿಯಾದರೂ ನಡೆಯುತ್ತದೆ. ಗಂಡಸರಿಗೆ 80, ಹೆಂಗಸರಿಗೆ 100 ಹರ್ಟ್ಸ್‌ಗೆ ಲೋ ಕಟ್, ಅಂದರೆ ಅದರ ಕೆಳಗಿನ ಗುಂಯ್ ತೆಗೆಯುವುದು. ನಾಯ್ಸ್ ರಿಡಕ್ಷನ್ ಐದಾರು ಡೆಸಿಬೆಲ್ ಮೀರಿದರೆ ದನಿ ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಖಾಲಿ ಕೋಣೆಯ ಸದ್ದು ಒಂದು ನಿಮಿಷ ಹಿಡಿದಿಟ್ಟುಕೊಂಡಿದ್ದರೆ ತುಂಡುಗಳ ನಡುವೆ ಹಾಸಲು ಬೇಕಾಗುತ್ತದೆ. ಎರಡು ತಾಸಿನ ಮಾತು ಎಡಿಟ್ ಮುಗಿಯುವಾಗ ನಲವತ್ತು ನಿಮಿಷ, ಅದಕ್ಕೆ ಒಂದಿಡೀ ದಿನ. ಉಸಿರನ್ನು ಕತ್ತರಿಸಬೇಡಿ. ಆಡುಮಾತನ್ನು ತಿದ್ದಬೇಡಿ, ಮೈಸೂರಿನವರು ಎರಡು ನಿಮಿಷದಲ್ಲಿ ಹೊಂದಿಕೊಳ್ಳುತ್ತಾರೆ. ಮೋನೋ, ಮೈನಸ್ 19 ಎಲ್‌ಯುಎಫ್‌ಎಸ್ (ದನಿ ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ), 64 ಕೆಬಿಪಿಎಸ್ ಎಂಪಿ3. ಗಂಟೆಗೆ ಮೂವತ್ತು ಎಂಬಿಯೊಳಗೆ ಬರುತ್ತದೆ, ವಾಟ್ಸಾಪಿನಲ್ಲಿ ಸಲೀಸಾಗಿ ಓಡುತ್ತದೆ. ನಮ್ಮ ಕೇಳುಗರಲ್ಲಿ ಹೆಚ್ಚಿನವರು ಬರುವುದು ಆ ದಾರಿಯಲ್ಲೇ.

ತಿಂಗಳಿಗೆ ಒಂದು ಕಂತಿನಂತೆ ಗೌರವಧನ, ಬಸ್ಸು, ಊಟ ಸೇರಿ ಐದು ಸಾವಿರದ ಹತ್ತಿರ ಕೈ ಬಿಡುತ್ತದೆ. ಒಂದು ಬಟ್ಟೆ ಅಂಗಡಿಯವರು ಪೂರ್ತಿ ಖರ್ಚು ಕೊಡುತ್ತೇವೆ, ಪ್ರಶ್ನೆಯ ನಡುವೆ ನಮ್ಮ ಹೆಸರು ಬರಲಿ ಅಂದರು. ಆ ಮಾತು ಅಲ್ಲಿಗೇ ಮುಗಿಯಿತು. ಈಗ ಕೇಳುಗರಲ್ಲಿ ಕೆಲವರು ವರ್ಷಕ್ಕೆ ಮುನ್ನೂರು ಹಾಕುತ್ತಾರೆ, ಖರ್ಚಿನ ಮುಕ್ಕಾಲು ಪಾಲು ಹುಟ್ಟುತ್ತದೆ.

ಹೊರಗೆ ಬಿಡುವ ಮುಂಚೆ ಪೂರ್ತಿ ಕಂತನ್ನು ಮಾತಾಡಿದವರಿಗೇ ಫೋನಿನ ಸ್ಪೀಕರಿನಲ್ಲಿ ಕೇಳಿಸಬೇಕು. ಅವರು ಸಾಮಾನ್ಯವಾಗಿ ತೆಗೆಸುವುದು ಎರಡನ್ನು: ಮಣ್ಣಿನ ಅಳತೆ, ಅರಗಿನ ಪಾಕದಂಥ ಕಸುಬಿನ ಗುಟ್ಟು, ಇಲ್ಲವೇ ನೆಂಟರ ಬಗ್ಗೆ ಬಾಯಿ ತಪ್ಪಿ ಬಂದ ಮಾತು. ಎರಡನ್ನೂ ಅವರೆದುರೇ ಅಳಿಸಿ, ಕಾರ್ಡಿನಿಂದಲೂ.